ಲೋಥಲ್‌ನ ಮುದ್ರೆಗಳು ಮತ್ತು ಅಳಿದ ನುಡಿಯೊಂದರ ಬಂಧುತ್ವ

ಅಹಮದಾಬಾದಿನಿಂದ ನೈಋತ್ಯಕ್ಕೆ ಸುಮಾರು 80 ಕಿಲೋಮೀಟರ್ ದೂರದಲ್ಲಿ, ಧೋಲ್ಕಾ ತಾಲೂಕಿನ ಸರಗ್‌ವಾಲಾ ಗ್ರಾಮದ ಹೊಲಗಳ ನಡುವೆ ಒಂದು ದಿಬ್ಬ. ಅದರ ಹೆಸರು ಲೋಥಲ್. 'ಸತ್ತವರ ದಿಬ್ಬ' ಎಂದು ಆ ಹೆಸರಿಗೆ ಅರ್ಥ ಹೇಳುವುದು ರೂಢಿ. 1954ರಲ್ಲಿ ಅಲ್ಲಿ ಹರಪ್ಪಾ ನಾಗರಿಕತೆಯ ನೆಲೆಯನ್ನು ಗುರುತಿಸಿ, 1955ರಿಂದ 1960ರವರೆಗೆ ಉತ್ಖನನ ನಡೆಸಿದವರು ಎಸ್. ಆರ್. ರಾವ್ ಅವರು. ಶಿವಮೊಗ್ಗ ಜಿಲ್ಲೆಯ ಆನಂದಪುರದಲ್ಲಿ 1922ರಲ್ಲಿ ಜನಿಸಿ, ಮೈಸೂರು ವಿಶ್ವವಿದ್ಯಾನಿಲಯದ ಪದವಿ ಪಡೆದು, ಬರೋಡಾ ಸಂಸ್ಥಾನದ ಪುರಾತತ್ತ್ವ ಇಲಾಖೆಯಲ್ಲಿ ಸೇವೆಗೆ ತೊಡಗಿ, ಆಮೇಲೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣದಲ್ಲಿ ಹೆಸರಾದ ಈ ವಿದ್ವಾಂಸರು 2013ರಲ್ಲಿ ನಿಧನರಾದರು. ಗುಜರಾತಿನ ಪ್ರಾಗಿತಿಹಾಸದ ಒಂದು ದೊಡ್ಡ ಅಧ್ಯಾಯವನ್ನು ಕನ್ನಡಿಗರೊಬ್ಬರು ತೆರೆದರೆಂಬ ಸಂಗತಿ ಇಲ್ಲಿ ನೆಲಸಿದ ಕನ್ನಡಿಗರಿಗೆ ಸಂತೋಷದ್ದೇ ಸರಿ. ಆ ಸಂತೋಷಕ್ಕೆ ಕುಂದು ತರುವುದು ಈ ಲೇಖನದ ಉದ್ದೇಶವಲ್ಲ. ಆದರೆ ರಾವ್ ಅವರು ಅಗೆದು ತೆಗೆದುದು ಬೇರೆ, ಓದಿ ಹೇಳಿದುದು ಬೇರೆ. ಮೊದಲನೆಯದನ್ನು ಮೆಚ್ಚಿದವರು ಎರಡನೆಯದನ್ನೂ ಒಪ್ಪಲೇಬೇಕೆಂಬ ನಿರ್ಬಂಧವಿಲ್ಲ.

1982ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ರಾವ್ ಅವರು ಸಿಂಧೂ ಲಿಪಿಯನ್ನು ಬಿಡಿಸಿರುವುದಾಗಿಯೂ, ಆ ಲಿಪಿಯ ಹಿಂದಿರುವ ನುಡಿ ವೇದಭಾಷೆಗೆ ಹತ್ತಿರವಾದ ಆರ್ಯಭಾಷೆಯೆಂದೂ ಪ್ರತಿಪಾದಿಸಿದರು. ಅವರಿಗಿಂತ ಮೊದಲೇ ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜಿನಲ್ಲಿದ್ದ ಸ್ಪೇನ್ ದೇಶದ ಪಾದ್ರಿ ಹೆನ್ರಿ ಹೇರಾಸರು ಅದೇ ಮುದ್ರೆಗಳಲ್ಲಿ ದ್ರಾವಿಡ ನುಡಿಯನ್ನು ಕಂಡಿದ್ದರು. ಅನಂತರ ಫಿನ್ಲೆಂಡಿನ ಅಸ್ಕೊ ಪರ್ಪೋಲ ಅವರೂ ತಮಿಳುನಾಡಿನ ಐರಾವತಂ ಮಹಾದೇವನ್ ಅವರೂ ಹೆಚ್ಚಿನ ಶಿಸ್ತಿನಿಂದ ಅದೇ ದಾರಿಯಲ್ಲಿ ನಡೆದರು. ಸ್ಪೇನಿನವನಿಗೂ ಫಿನ್ಲೆಂಡಿನವನಿಗೂ ದ್ರಾವಿಡವಾಗಿ ಕಂಡದ್ದು ಆನಂದಪುರದ ಕನ್ನಡಿಗರಿಗೆ ಸಂಸ್ಕೃತವಾಗಿ ಕಂಡಿತು! ವಿದ್ವಾಂಸನ ತಾಯ್ನುಡಿ ಅವನ ಸಿದ್ಧಾಂತವನ್ನು ನಿರ್ಧರಿಸುವುದಿಲ್ಲವೆಂಬುದಕ್ಕೆ ಇದು ಒಳ್ಳೆಯ ನಿದರ್ಶನ. ಓದುಗನ ವಿಷಯ ಹಾಗಲ್ಲ. ಅಹಮದಾಬಾದು, ವಡೋದರಾ, ಸೂರತ್‌ಗಳಲ್ಲಿ ಉದ್ಯೋಗನಿಮಿತ್ತ ನೆಲಸಿದ ಕನ್ನಡಿಗನಿಗೆ ದ್ರಾವಿಡವಾದ ಸಿಹಿಯಾಗಿ ಕೇಳಿಸುವುದು ಸಹಜ. ಲೋಥಲ್‌ನ ವರ್ತಕರು ಆಡುತ್ತಿದ್ದುದು ಕನ್ನಡದ ಅಜ್ಜಿನುಡಿಯಾಗಿದ್ದರೆ, ಅವನು ಇಲ್ಲಿಗೆ ವಲಸೆ ಬಂದವನಲ್ಲ, ನಾಲ್ಕು ಸಾವಿರ ವರ್ಷಗಳ ಮೇಲೆ ತನ್ನ ಮನೆಗೆ ಮರಳಿದವನು! ಇಂಥ ಆಸೆಯಿರುವೆಡೆಯಲ್ಲಿಯೇ ಸಾಕ್ಷ್ಯವನ್ನು ಬಿಗಿಯಾಗಿ ಪರೀಕ್ಷಿಸಬೇಕಾಗುತ್ತದೆ.

ಅಳಿದುಹೋದ ನುಡಿಯೊಂದರ ಬಂಧುತ್ವವನ್ನು ನಿರ್ಣಯಿಸಲು ಎಷ್ಟು ಸಾಮಗ್ರಿ ಬೇಕು? ಇದನ್ನು ತಿಳಿಯಲು ಹರಪ್ಪಾ ವಿವಾದದಿಂದ ತುಸು ದೂರ ಸರಿದು, ನಿರ್ಣಯವಾಗಿರುವ ಪ್ರಕರಣವೊಂದನ್ನು ನೋಡುವುದು ಮೇಲು. ಸೈಬೀರಿಯಾದ ಯೆನಿಸೇ ನದಿಯ ಕೊಳ್ಳದಲ್ಲಿ ಒಂದು ಕಾಲಕ್ಕೆ ಕೆಟ್, ಯುಗ್, ಕೊಟ್, ಅಸ್ಸನ್, ಅರಿನ್, ಪುಂಪೊಕೊಲ್ ಎಂಬ ನುಡಿಗಳಿದ್ದವು. ಸುತ್ತಣ ತುರ್ಕಿ, ಸಮೊಯೆದ್, ತುಂಗೂಸ್ ನುಡಿಗಳಾವುದರೊಡನೆಯೂ ಇವುಗಳಿಗೆ ರಕ್ತಸಂಬಂಧವಿಲ್ಲ. ಇಂದು ಉಳಿದಿರುವುದು ಕೆಟ್ ಒಂದೇ, ಅದೂ ಕೆಲವೇ ವೃದ್ಧರ ಬಾಯಲ್ಲಿ. ಪರ್ಪೋಲ ಅವರ ದೇಶದವರೇ ಆದ ಮತ್ತಿಯಾಸ್ ಅಲೆಕ್ಸಾಂಡರ್ ಕಾಸ್ತ್ರೇನ್ ಎಂಬ ವಿದ್ವಾಂಸರು 1845ರಿಂದ 1849ರವರೆಗೆ ಸೈಬೀರಿಯಾದಲ್ಲಿ ಸಂಚರಿಸುತ್ತಿದ್ದಾಗ, ಅಗುಲ್ ನದಿಯ ತೀರದಲ್ಲಿ ಕೊಟ್ ನುಡಿಯನ್ನು ಬಲ್ಲ ಐದು ಮಂದಿಯನ್ನು ಕಂಡರು. ಐದೇ ಮಂದಿ. ಅವರ ಬಾಯಿಂದ ಕೇಳಿ ಕಾಸ್ತ್ರೇನರು ಶಬ್ದಗಳನ್ನೂ ನಾಮರೂಪಗಳನ್ನೂ ಕ್ರಿಯಾರೂಪಗಳನ್ನೂ ಬರೆದುಕೊಂಡರು. 1852ರಲ್ಲಿ, ನಲವತ್ತು ತುಂಬುವ ಮೊದಲೇ, ಅವರು ತೀರಿಕೊಂಡರು. ಅವರ ಟಿಪ್ಪಣಿಗಳಿಂದ ಶೀಫ್ನರ್ ಸಿದ್ಧಪಡಿಸಿದ ವ್ಯಾಕರಣ 1858ರಲ್ಲಿ ಬೆಳಕು ಕಂಡಿತು. ಹೆಚ್ಚುಕಡಮೆ ಅದೇ ದಶಕದಲ್ಲಿ ಕೊಟ್ ನುಡಿ ನಿಂತುಹೋಯಿತು.

ಆದರೂ ಕೊಟ್ ಯಾರ ಬಂಧು ಎಂಬ ವಿಷಯದಲ್ಲಿ ಇಂದು ಯಾರಿಗೂ ಸಂದೇಹವಿಲ್ಲ. ಏಕೆಂಬುದನ್ನು ಕೆಲವು ಶಬ್ದಗಳಿಂದಲೇ ತೋರಿಸಬಹುದು. ಕನ್ನಡ ಲಿಪಿಯಲ್ಲಿ ಸ್ಥೂಲವಾಗಿ ಬರೆಯುವುದಾದರೆ, ಎರಡು, ಮೂರು, ನಾಲ್ಕು, ಐದು ಎಂಬುದಕ್ಕೆ ಕೊಟ್‌ನಲ್ಲಿ ಈನ, ತೋಂಗ, ಶೇಗ, ಕೇಗ. ಕೆಟ್‌ನಲ್ಲಿ ಇನ್, ದೊಂಗ್, ಸೀಕ್, ಕಾಕ್. ನದಿಗೆ ಕೆಟ್‌ನಲ್ಲಿ ಸೆಸ್, ಕೊಟ್‌ನಲ್ಲಿ ಶೆಟ್, ಅರಿನ್‌ನಲ್ಲಿ ಸತ್, ಪುಂಪೊಕೊಲ್‌ನಲ್ಲಿ ತೆತ್. 'ನಾಲ್ಕು' ಎಂಬಲ್ಲಿ ಕೆಟ್‌ನ ಸಕಾರಕ್ಕೆ ಕೊಟ್‌ನಲ್ಲಿ ಶಕಾರ ನಿಂತಿದೆ. 'ನದಿ' ಎಂಬಲ್ಲಿಯೂ ಹಾಗೆಯೇ. ಕನ್ನಡದ ಹಕಾರಕ್ಕೆ ತಮಿಳಿನಲ್ಲಿ ಪಕಾರ ನಿಲ್ಲುವುದನ್ನು, ಅಂದರೆ ಹಾಲು–ಪಾಲ್, ಹುಲಿ–ಪುಲಿ, ಹತ್ತು–ಪತ್ತು ಎಂಬ ಜೋಡಿಗಳನ್ನು, ಬಲ್ಲವರಿಗೆ ಇದರ ಮಹತ್ತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡು ಶಬ್ದಗಳು ಒಂದೇ ತೆರನಾಗಿ ಕೇಳಿಸುವುದು ಬಂಧುತ್ವದ ಗುರುತಲ್ಲ. ವ್ಯತ್ಯಾಸವೂ ನಿಯಮಬದ್ಧವಾಗಿರುವುದೇ ಗುರುತು. ಮಾತನಾಡುವವರು ಅಳಿದರೂ ನದಿಗಳ ಹೆಸರು ಅಳಿಯಲಿಲ್ಲ. ಸೈಬೀರಿಯಾದ ಭೂಪಟದಲ್ಲಿ -ಶೆಟ್ ಎಂದು ಮುಗಿಯುವ ಹೆಸರುಗಳು ಕೊಟ್ ಜನರಿದ್ದ ನೆಲವನ್ನು ಇಂದಿಗೂ ತೋರಿಸುತ್ತವೆ. ಮಹಾರೈಲುಮಾರ್ಗದ ತೈಶೆಟ್ ಪಟ್ಟಣದ ಹೆಸರು ಅಂಥದು.

ಇಷ್ಟೆಲ್ಲ ಇದ್ದೂ ಯೆನಿಸೇ ವಂಶದ ದೂರದ ನೆಂಟಸ್ತಿಕೆ ತೀರ್ಮಾನವಾಗಿಲ್ಲ. 2008ರಲ್ಲಿ ಎಡ್ವರ್ಡ್ ವೈದಾ ಅವರು ಉತ್ತರ ಅಮೆರಿಕದ ನಾ-ದೆನೆ ನುಡಿಗಳೊಡನೆ ಅದಕ್ಕೆ ಸಂಬಂಧವನ್ನು ಸೂಚಿಸಿದಾಗ, ಕೆಲವರು ಒಪ್ಪಿದರು, ಕೆಲವರು ಕಟುವಾಗಿ ತಿರಸ್ಕರಿಸಿದರು. ಹುಂಝಾ ಕಣಿವೆಯ ಬುರುಶಾಸ್ಕಿಗೂ ಅದಕ್ಕೂ ಗಂಟುಹಾಕಿದವರುಂಟು; ಆ ಗಂಟು ಇನ್ನೂ ಸಡಿಲ. ಧ್ವನಿ, ಅರ್ಥ, ರೂಪ ಮೂರೂ ಕೈಯಲ್ಲಿರುವಾಗಲೂ ಪಂಡಿತರು ಇಷ್ಟು ಹಿಂದೆಮುಂದೆ ನೋಡುತ್ತಾರೆ.

ಈಗ ಲೋಥಲ್‌ಗೆ ಮರಳೋಣ. ಇಲ್ಲಿ ಧ್ವನಿಯಿಲ್ಲ, ಅರ್ಥವಿಲ್ಲ, ಕಣ್ಣಿಗೆ ಕಾಣುವ ಚಿಹ್ನೆಗಳು ಮಾತ್ರ ಇವೆ. ಮಹಾದೇವನ್ ಅವರು 1977ರಲ್ಲಿ ಪ್ರಕಟಿಸಿದ ಪದಾನುಕ್ರಮಣಿಕೆಯಲ್ಲಿ ಎಲ್ಲ ನೆಲೆಗಳ 2,906 ವಸ್ತುಗಳ ಮೇಲಿನ ಬರಹಗಳಿವೆ. ಅವರು ಎಣಿಸಿದ ಬೇರೆಬೇರೆ ಚಿಹ್ನೆಗಳು 417. ಪರ್ಪೋಲ ಅವರ ಎಣಿಕೆ ಇನ್ನೂ ಕಡಮೆ, ಬೇರೆ ಕೆಲವರದು ಬಹಳ ಹೆಚ್ಚು. ಚಿಹ್ನೆಗಳು ಎಷ್ಟು ಎಂಬಲ್ಲಿಯೇ ಒಮ್ಮತವಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಬರಹವೊಂದರ ಸರಾಸರಿ ಉದ್ದ ಸುಮಾರು ಐದು ಚಿಹ್ನೆಗಳು. ಲೋಥಲ್‌ನ ಉಗ್ರಾಣದಲ್ಲಿ ಸಿಕ್ಕಿದ ಅರವತ್ತಕ್ಕೂ ಮೇಲ್ಪಟ್ಟ ಮಣ್ಣಿನ ಮುದ್ರೆಯೊತ್ತುಗಳ ಹಿಂಬದಿಯಲ್ಲಿ ಬಟ್ಟೆ, ಜೊಂಡು, ಹಗ್ಗಗಳ ಅಚ್ಚು ಇಂದಿಗೂ ಉಳಿದಿದೆ. ಅಂದರೆ ಅವು ಸರಕಿನ ಗಂಟುಗಳಿಗೆ ಹಾಕಿದ ಮುದ್ರೆಗಳು. ರಾವ್ ಅವರ ಉತ್ಖನನ ಕೊಟ್ಟ ಅತ್ಯಮೂಲ್ಯ ಸಾಕ್ಷ್ಯ ಇದೇ ಎನ್ನಬೇಕು; ಸುಮಾರು 214 ಮೀಟರ್ ಉದ್ದದ ಇಟ್ಟಿಗೆಯ ಕಟ್ಟಡ ಹಡಗುಕಟ್ಟೆಯೋ ಕೆರೆಯೋ ಎಂಬ ಚರ್ಚೆಯಾದರೂ ನಡೆದಿದೆ, ಹಗ್ಗದ ಅಚ್ಚಿನ ವಿಷಯದಲ್ಲಿ ಚರ್ಚೆಗೆ ಎಡೆಯಿಲ್ಲ. ಗಂಟಿನ ಮೇಲೆ ಜನ ಏನು ಬರೆಯುತ್ತಾರೆಂಬುದು ಅಹಮದಾಬಾದಿನ ಬಟ್ಟೆಯ ಪೇಟೆಯನ್ನೂ ಗೋದಾಮುಗಳನ್ನೂ ಕಂಡವರಿಗೆ ಗೊತ್ತು: ಹೆಸರು, ಮಾರ್ಕಾ, ಎಣಿಕೆ, ತೂಕ. ಅದರಲ್ಲಿ ವಾಕ್ಯವಿರುವುದಿಲ್ಲ, ಕ್ರಿಯಾಪದವಂತೂ ಇಲ್ಲವೇ ಇಲ್ಲ. ನುಡಿಯ ಜಾತಿಯನ್ನು ಹೇಳಬಲ್ಲ ಅಂಗಗಳೇ ಇಂಥ ಬರಹದಲ್ಲಿ ಕಾಣೆಯಾಗಿರುತ್ತವೆ.

ರಾವ್ ಅವರ ವಿಧಾನ ಹೀಗಿದೆ. ಲೋಥಲ್, ರಂಗಪುರ ಮೊದಲಾದ ನೆಲೆಗಳ ಕೊನೆಗಾಲದ ಮಡಕೆಗಳ ಮೇಲಿನ ಗೀರುಬರಹದಲ್ಲಿ ಚಿತ್ರದಂಥ ಚಿಹ್ನೆಗಳು ಬಿಟ್ಟುಹೋಗಿ ಸರಳರೇಖೆಯ ಕೆಲವೇ ಚಿಹ್ನೆಗಳು ಉಳಿದಿರುವುದನ್ನು ಅವರು ಕಂಡರು. ಅದರಿಂದ, ನಾನೂರು ಚಿಹ್ನೆಗಳಲ್ಲಿ ಬಹುಪಾಲು ಸಂಯುಕ್ತಗಳೆಂದೂ, ಅವನ್ನು ಒಡೆದರೆ ವರ್ಣಮಾಲೆಯಂಥ ಅಲ್ಪಸಂಖ್ಯೆಯ ಮೂಲಚಿಹ್ನೆಗಳು ದೊರೆಯುವುವೆಂದೂ ತರ್ಕಿಸಿದರು. ಆ ಮೂಲಚಿಹ್ನೆಗಳನ್ನು ಪ್ರಾಚೀನ ಸೆಮಿಟಿಕ್ ಅಕ್ಷರಗಳೊಡನೆ ಹೋಲಿಸಿ, ಆಕಾರ ಹೋಲುವೆಡೆ ಸೆಮಿಟಿಕ್ ಧ್ವನಿಯನ್ನೇ ಕೊಟ್ಟರು. ಹೀಗೆ ಓದಿದಾಗ ಏಕ, ತ್ರ, ಚತುಸ್, ಪಂತ, ಸಪ್ತ, ದಶ, ಶತ ಮೊದಲಾದ ಸಂಖ್ಯಾವಾಚಕಗಳು ದೊರೆತವು.

ಮೊದಲ ಮೆಟ್ಟಿಲು ಗೌರವಾರ್ಹವಾದುದು. ನೆಲದ ಪದರಗಳನ್ನು ಕೈಯಾರೆ ಬಿಡಿಸಿದವರು ಮಾತ್ರ ಇಡಬಹುದಾದ ಹೆಜ್ಜೆಯದು. ಕಾಲಕ್ರಮದಲ್ಲಿ ಲಿಪಿ ಬದಲಾಗುವುದೆಂಬ ಅಂಶವನ್ನು ಅವರಷ್ಟು ಗಂಭೀರವಾಗಿ ಎಣಿಸಿದವರು ವಿರಳ. ಎರಡನೆಯ ಮೆಟ್ಟಿಲಿನಲ್ಲಿ ನೆಲ ಸಡಿಲವಾಗುತ್ತದೆ. ಸಂಯುಕ್ತಚಿಹ್ನೆಯನ್ನು ಎಲ್ಲಿ ಒಡೆಯಬೇಕು, ಒಡೆದ ತುಂಡುಗಳನ್ನು ಯಾವ ಕ್ರಮದಲ್ಲಿ ಓದಬೇಕು ಎಂಬುದನ್ನು ನಿಯಮಿಸುವವರು ಓದುವವರೇ. ರಕಾರ ಸಕಾರಗಳು ಒಂದರೊಳಗೊಂದು ಕೂಡಿದ್ದರೆ ಅದು 'ರಸ'ವೂ ಆಗಬಹುದು, 'ಸರ'ವೂ ಆಗಬಹುದು. ನಕಾರ ವಕಾರಗಳು 'ನವ'ವೋ 'ವನ'ವೋ ಹೇಳುವವರಾರು? ಬರಹ ಉದ್ದವಾಗಿದ್ದರೆ ತಪ್ಪು ಓದು ಮುಂದೆಲ್ಲಿಯೋ ಅಸಂಬದ್ಧವಾಗಿ ತನ್ನನ್ನು ತಾನೇ ಬಯಲು ಮಾಡಿಕೊಳ್ಳುತ್ತದೆ. ಐದು ಚಿಹ್ನೆಗಳ ಬರಹಕ್ಕೆ ಆ ಶಕ್ತಿಯಿಲ್ಲ.

ಮೂರನೆಯ ಮೆಟ್ಟಿಲಂತೂ ಇಡಬಾರದಾಗಿದ್ದ ಹೆಜ್ಜೆ. ಹೋಲಿಕೆಗೆ ತೆಗೆದುಕೊಂಡ ಬಿಬ್ಲೋಸ್‌ನ ಅಹಿರಾಮನ ಶವಪೆಟ್ಟಿಗೆಯಂಥ ಸೆಮಿಟಿಕ್ ಬರಹಗಳು ಸುಮಾರು ಕ್ರಿ.ಪೂ. 1000ದವು, ಸಿಂಧೂ ಮುದ್ರೆಗಳ ಬಳಕೆ ನಿಂತದ್ದು ಅದಕ್ಕಿಂತ ಅನೇಕ ಶತಮಾನ ಮೊದಲು. ಸರಳರೇಖೆಗಳಿಂದ ಮಾಡಬಹುದಾದ ಆಕಾರಗಳು ಲೋಕದಲ್ಲಿ ಕೆಲವೇ ಆದುದರಿಂದ ಲಿಪಿಲಿಪಿಗಳಲ್ಲಿ ಅವು ಮರುಕಳಿಸುವುದು ಅನಿವಾರ್ಯ. ದೂರ ಹೋಗಬೇಕಾಗಿಲ್ಲ. ಗುಜರಾತಿಯಲ್ಲಿ ರಕಾರಕ್ಕೂ ಎರಡರ ಅಂಕಿಗೂ, ಪಕಾರಕ್ಕೂ ಐದರ ಅಂಕಿಗೂ ಆಕಾರದಲ್ಲಿ ಭೇದ ಇಲ್ಲವೆನ್ನುವಷ್ಟು ಅಲ್ಪ. ಕನ್ನಡದಲ್ಲಿ ಅನುಸ್ವಾರವೂ ಸೊನ್ನೆಯೂ ಒಂದೇ. ಒಂದೇ ಲಿಪಿಯೊಳಗೇ, ಒಂದೇ ಚೆಕ್ಕಿನ ಮೇಲೆಯೇ, ಆಕಾರ ಹೀಗೆ ವಂಚಿಸುವಾಗ, ಎರಡು ಖಂಡಭಾಗಗಳ ನಡುವೆ, ಇಷ್ಟೊಂದು ಕಾಲದ ಅಂತರದಲ್ಲಿ ಅದನ್ನು ನಂಬುವುದೆಂತು? ಕೊಟ್‌ನ 'ಶೇಗ' ಸಾಕ್ಷ್ಯವಾಗುವುದು ಆ ಐವರು ಅದನ್ನು ಉಚ್ಚರಿಸಿ, ನಾಲ್ಕು ಎಂದು ಅರ್ಥ ಹೇಳಿದ್ದರಿಂದ. ಲೋಥಲ್‌ನ 'ಚತುಸ್' ಎಂಬುದನ್ನು ಹೇಳಿದವರು ಯಾರೂ ಇಲ್ಲ.

ಹಾಗಾದರೆ ದ್ರಾವಿಡಪಕ್ಷ ಗೆದ್ದಿತೆ? ಅಲ್ಲಿಯೂ ಅವಸರ ಸಲ್ಲದು. ಆ ಪಕ್ಷದ ಬಲವಿರುವುದು ಧ್ವನಿಯನ್ನು ಊಹಿಸುವ ಮೊದಲು ರಚನೆಯನ್ನು ನೋಡಿದುದರಲ್ಲಿ. ಬರಹ ಬಹುಮಟ್ಟಿಗೆ ಬಲದಿಂದ ಎಡಕ್ಕೆ ಸಾಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಬರುವ ಕೊಡದಂಥ ಚಿಹ್ನೆ ಒಟ್ಟು ಬಳಕೆಯಲ್ಲಿ ಹತ್ತರಲ್ಲೊಂದು ಪಾಲು. ಅದು ಸಾಮಾನ್ಯವಾಗಿ ಬರಹದ ಕೊನೆಯಲ್ಲಿ ನಿಲ್ಲುತ್ತದೆ. ಸಂಖ್ಯೆಯಂತೆ ತೋರುವ ಗೀಟುಗಳು ಬೇರೆ ಚಿಹ್ನೆಯ ಮೊದಲು ಬರುತ್ತವೆ. 1960ರ ದಶಕದಲ್ಲಿ ಸೋವಿಯತ್ ವಿದ್ವಾಂಸ ಕ್ನೊರೊಝೊವ್ ಅವರ ತಂಡ ಗಣಕಯಂತ್ರದ ನೆರವಿನಿಂದ ಇಂಥ ಅಂಶಗಳನ್ನು ಲೆಕ್ಕಹಾಕಿ, ಇದು ಪ್ರತ್ಯಯಗಳನ್ನು ಕೊನೆಗೆ ಹಚ್ಚುವ ನುಡಿ, ಆದ್ದರಿಂದ ದ್ರಾವಿಡವಾಗಿರುವುದು ಸಂಭವ ಎಂದಿತು. 'ಮನೆಯಿಂದ', 'ಊರಿಗೆ' ಎನ್ನುವ ಕನ್ನಡಿಗನಿಗೆ ಇದು ತನ್ನ ಮನೆಯ ಮಾತೆಂದೇ ತೋರುತ್ತದೆ. ಆದರೆ ಪ್ರತ್ಯಯವನ್ನು ಕೊನೆಗೆ ಹಚ್ಚುವ ನುಡಿಗಳು ತುರ್ಕಿಯಿಂದ ಸುಮೇರಿನವರೆಗೆ ಹಲವಾರು. ಅದಕ್ಕಿಂತ ಮುಖ್ಯವಾದ ತೊಡಕೆಂದರೆ, ಕೊನೆಯಲ್ಲಿ ನಿಂತದ್ದೆಲ್ಲ ಪ್ರತ್ಯಯವೆಂದು ಹೇಗೆ ಹೇಳುವುದು? ಅಹಮದಾಬಾದಿನ ಹೆಸರುಗಳನ್ನು ಮಾತ್ರ ಕಂಡ ಪರದೇಶಿಯೊಬ್ಬನಿಗೆ 'ಭಾಯಿ', 'ಲಾಲ್', 'ದಾಸ್' ಎಂಬುವು ವಿಭಕ್ತಿಗಳಾಗಿ ತೋರಬಹುದು. ಧಾರವಾಡದ ಪಟ್ಟಿಯನ್ನು ಕಂಡರೆ 'ಅಪ್ಪ', 'ಗೌಡ'ಗಳು ಹಾಗೆ ತೋರಬಹುದು. ಗೋದಾಮಿನ ಫಲಕಗಳನ್ನು ಕಂಡರೆ 'ಕಂಪನಿ' ಎಂಬುದೇ ಆ ನುಡಿಯ ಷಷ್ಠೀವಿಭಕ್ತಿಯೆಂದು ಪ್ರಬಂಧ ಬರೆಯಬಹುದು!

ಪರ್ಪೋಲ ಅವರ ಪ್ರಸಿದ್ಧವಾದ ಮೀನಿನ ಓದು ನಿಜವಾಗಿಯೂ ಚೆಲುವಾದುದು. ಹೇರಾಸರು ಮೊದಲು ಸೂಚಿಸಿದ್ದನ್ನು 1994ರ ಗ್ರಂಥದಲ್ಲಿ ಅವರು ವ್ಯವಸ್ಥಿತವಾಗಿ ಬೆಳೆಸಿದರು. ತಮಿಳಿನಲ್ಲಿ 'ಮೀನ್' ಎಂದರೆ ಮತ್ಸ್ಯವೂ ಹೌದು ನಕ್ಷತ್ರವೂ ಹೌದು. ಆರು ಗೀಟುಗಳ ಮುಂದೆ ಮೀನಿನ ಚಿಹ್ನೆ ಬಂದರೆ ಅದು 'ಅರುಮೀನ್', ಕೃತ್ತಿಕೆ. ಆ ಶಬ್ದ ಹಳೆಯ ತಮಿಳಿನಲ್ಲಿ ನಿಜವಾಗಿಯೂ ಇದೆ. ನಮ್ಮ 'ಮಿನುಗು' ಎಂಬ ಮಾತೂ ಕಿವಿಗೆ ಬಂದು ತಾಗುತ್ತದೆ. ರಾವ್ ಅವರ ಓದಿಗಿಂತ ಇದು ಮೇಲಾದುದು, ಏಕೆಂದರೆ ಇಲ್ಲಿ ಚಿತ್ರ, ಸಂಖ್ಯೆ, ಶಬ್ದ ಮೂರೂ ಒಂದನ್ನೊಂದು ಹಿಡಿದುಕೊಂಡಿವೆ. ಆದರೂ ಮುದ್ರೆಯ ಮೇಲಿರುವುದು ನಕ್ಷತ್ರವೆಂಬುದಕ್ಕೆ ಹೊರಗಿನ ಸಾಕ್ಷಿ ಬೇಕಷ್ಟೆ? ಅದು ಆರು ಮೀನುಗಳ ಲೆಕ್ಕವೇ ಏಕಾಗಿರಬಾರದು? ಸಂಭಾವ್ಯವಾದುದು ಸಿದ್ಧವಾದುದಲ್ಲ. 2004ರಲ್ಲಿ ಫಾರ್ಮರ್, ಸ್ಪ್ರೋಟ್, ವಿಟ್ಸೆಲ್ ಎಂಬ ಮೂವರು ಇವು ನುಡಿಯ ಬರಹವೇ ಅಲ್ಲ ಎಂದು ವಾದಿಸಿದುದು ಅತಿಗೆ ಹೋಯಿತೆನ್ನಬೇಕು; ಆದರೆ ಎರಡು ಪಕ್ಷಗಳೂ ಪರೀಕ್ಷಿಸದೆ ಹಿಡಿದಿದ್ದ ಆಧಾರವನ್ನು ಅವರು ಕೆದಕಿದುದು ಒಳ್ಳೆಯದೇ ಆಯಿತು.

ಸಂಖ್ಯಾವಾಚಕಗಳೇ ಸಿಕ್ಕರೂ ಸಾಲದೆಂಬುದಕ್ಕೆ ಸೂರತ್‌ನ ವಾಚಕರು ತಮ್ಮ ತಾಪಿಯನ್ನೇ ನೋಡಬಹುದು. ಆ ನದಿಯ ಕೊಳ್ಳದ ಮೇಲ್ಭಾಗದಲ್ಲಿ, ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಜಳಗಾಂವ್ ಜಾಮೋದ್ ಸುತ್ತಮುತ್ತ, ನಿಹಾಲಿ ಎಂಬ ನುಡಿ ಸ್ವಲ್ಪ ಜನರ ಬಾಯಲ್ಲಿ ಇನ್ನೂ ಉಳಿದಿದೆ. 1962ರಲ್ಲಿ ಕೈಪರ್ ಅದನ್ನು ತೌಲನಿಕವಾಗಿ ಪರಿಶೀಲಿಸಿದರು, ಕೆ. ಎಸ್. ನಾಗರಾಜ ಅವರ ಸವಿಸ್ತಾರವಾದ ವ್ಯಾಕರಣ 2014ರಲ್ಲಿ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದಿಂದ ಹೊರಬಂದಿತು. ನಿಹಾಲಿಯಲ್ಲಿ ಎರಡಕ್ಕೆ 'ಇರರ್', ಮೂರಕ್ಕೆ 'ಮೋಠೋ', ನಾಲ್ಕಕ್ಕೆ 'ನಾಲೋ'. ಇಷ್ಟನ್ನೇ ಕೇಳಿದ ಕನ್ನಡಿಗ ಇದು ನಮ್ಮದೇ ಎನ್ನದಿರಲಾರ. ಆದರೆ ಒಂದಕ್ಕೆ 'ಬಿಡುಂ', ಕಣ್ಣಿಗೆ 'ಜಿಕಿ', ನೀರಿಗೆ 'ಜೊಪ್ಪೊ', ಇವು ದ್ರಾವಿಡವಲ್ಲ. ಕೊರ್ಕುವಿನಿಂದ, ದ್ರಾವಿಡದಿಂದ, ಮರಾಠಿ ಹಿಂದಿಗಳಿಂದ ತೆಗೆದುಕೊಂಡುದನ್ನೆಲ್ಲ ಕಳೆದ ಮೇಲೂ ಶಬ್ದಕೋಶದ ಕಾಲು ಭಾಗದಷ್ಟು ಯಾವ ವಂಶಕ್ಕೂ ಸೇರದೆ ಉಳಿಯುತ್ತದೆ. ಆರ್ಯವೋ ದ್ರಾವಿಡವೋ ಎಂಬ ಪ್ರಶ್ನೆಯೇ ಸಂಕುಚಿತವೆಂದು ಈ ನುಡಿ ಎಚ್ಚರಿಸುತ್ತದೆ. ಕೀಮ್ ನದಿಯ ಮುಖದ ಭಗತ್ರಾವ್‌ನಲ್ಲಿಯೋ ತಾಪಿಯ ಅಳಿವೆಯ ಬಳಿಯ ಮಾಳವಣದಲ್ಲಿಯೋ ಅಂದು ವಾಸವಾಗಿದ್ದವರು, ಇಂದು ಯಾವ ಸಂತಾನವನ್ನೂ ಉಳಿಸದ ಮೂರನೆಯದೊಂದು ನುಡಿಯನ್ನು ಆಡುತ್ತಿದ್ದಿರಬಹುದು. ಯೆನಿಸೇ ತೀರದ ಆರು ನುಡಿಗಳಲ್ಲಿ ಐದು ಅಳಿಯಲು ಮೂರು ಶತಮಾನಗಳೂ ಬೇಕಾಗಲಿಲ್ಲ. ಇಲ್ಲಿ ಕಳೆದಿರುವುದು ನಲವತ್ತು ಶತಮಾನ.

ಗುಜರಾತಿನ ನೆಲದಲ್ಲಿ ಕನ್ನಡದ ಕುರುಹನ್ನು ಅರಸುವವರಿಗೆ ಬರಿಗೈಯೇನೂ ಇಲ್ಲ. ಲಾಟದೇಶವನ್ನಾಳಿದ ರಾಷ್ಟ್ರಕೂಟ ಶಾಖೆಯ ಕರ್ಕನು ಒಂಬತ್ತನೆಯ ಶತಮಾನದಲ್ಲಿ ಹೊರಡಿಸಿದ ನವಸಾರಿ ಮತ್ತು ಬರೋಡಾ ತಾಮ್ರಶಾಸನಗಳು ಸಂಸ್ಕೃತದಲ್ಲಿವೆ. ಆದರೆ ಅರಸನ ಸಹಿ ಕನ್ನಡದಲ್ಲಿದೆ. ದಾನಪತ್ರದ ಪಾಠವನ್ನು ಊರಿನ ರೂಢಿಗೆ ಬಿಟ್ಟು ಸಹಿಯನ್ನು ಮಾತ್ರ ತನ್ನ ಅಕ್ಷರದಲ್ಲಿ ಹಾಕುವ ಈ ವಾಡಿಕೆ ಇಲ್ಲಿಯ ಕನ್ನಡಿಗರಿಗೆ ಇಂದಿಗೂ ಅಪರಿಚಿತವಲ್ಲ. ಓದಬಲ್ಲ ಆ ಒಂದು ಸಹಿ, ಓದಲಾಗದ ಸಾವಿರ ಮುದ್ರೆಗಳಿಗಿಂತ ಗಟ್ಟಿಯಾದ ಆಸ್ತಿ.

ಲೋಥಲ್‌ನ ನುಡಿಯ ನಿರ್ಣಯಕ್ಕೆ ದಾರಿಯೇ ಇಲ್ಲವೆ? ಇದೆ, ಆದರೆ ಅದು ಊಹೆಯದಲ್ಲ. ಗ್ರೀಸ್‌ನ ಲೀನಿಯರ್ ಬಿ ಲಿಪಿಯನ್ನು ಬಿಡಿಸಿದ ಮೈಕೇಲ್ ವೆಂಟ್ರಿಸ್ ಅದರಲ್ಲಿರುವುದು ಎಟ್ರಸ್ಕನ್‌ಗೆ ಹತ್ತಿರದ ನುಡಿಯೆಂದು ಬಹುಕಾಲ ನಂಬಿದ್ದರು. 1952ರಲ್ಲಿ ತಮ್ಮ ಲೆಕ್ಕಾಚಾರವೇ ಗ್ರೀಕ್ ಎಂದು ತೋರಿಸಿದಾಗ ನಂಬಿಕೆಯನ್ನು ಬಿಟ್ಟುಕೊಟ್ಟರು. ಮರುವರ್ಷ ಅವರು ಅದುವರೆಗೆ ಕಂಡಿರದ ಪೈಲೋಸ್‌ನ ಹಲಗೆಯೊಂದು ಅವರ ಓದನ್ನು ಸಮರ್ಥಿಸಿತು: ಮುಕ್ಕಾಲಿಯ ಚಿತ್ರವಿದ್ದಲ್ಲಿ ಮುಕ್ಕಾಲಿ ಎಂಬ ಶಬ್ದವೇ ಓದಿಗೆ ಬಂತು. ಕಚ್ಛದ ಧೋಳಾವೀರಾದಲ್ಲಿ ಆರ್. ಎಸ್. ಬಿಷ್ಟ್ ಅವರು 1990ರಿಂದ ನಡೆಸಿದ ಉತ್ಖನನದಲ್ಲಿ ಹತ್ತು ದೊಡ್ಡ ಚಿಹ್ನೆಗಳ ಫಲಕ ಸಿಕ್ಕಿತು. ಚಕ್ರದಂಥ ಒಂದೇ ಚಿಹ್ನೆ ಅದರಲ್ಲಿ ನಾಲ್ಕು ಬಾರಿ ಬಂದಿದೆ. ಆದರೆ ಪಕ್ಕದಲ್ಲಿ ಮುಕ್ಕಾಲಿಯ ಚಿತ್ರವಿಲ್ಲ.

ಹೊರಗಿನ ಸಾಕ್ಷಿ ಸಿಗಬಹುದಾದ ಎಡೆ ಸಮುದ್ರದಾಚೆಗಿದೆ. ಲೋಥಲ್‌ನಲ್ಲಿ ಸಿಕ್ಕಿದ, ರಾವ್ ಅವರು 1963ರಲ್ಲಿ ಪ್ರಕಟಿಸಿದ ಪಾರಸಿಕ ಕೊಲ್ಲಿಯ ದುಂಡು ಮುದ್ರೆ ಆ ದಾರಿಯನ್ನು ತೋರಿಸುತ್ತದೆ. ಮೆಸೊಪೊಟೇಮಿಯದವರು 'ಮೆಲುಹ್ಹ' ಎಂದು ಕರೆದ ನಾಡು ಸಿಂಧೂ ನಾಗರಿಕತೆಯದೇ ಎಂಬುದನ್ನು ಬಹುಮಂದಿ ಒಪ್ಪುತ್ತಾರೆ. ಅಕ್ಕಾಡಿಯನ್ ಭಾಷೆಯಲ್ಲಿ ಎಣ್ಣೆಯೊಂದಕ್ಕಿರುವ 'ಎಲ್ಲು' ಎಂಬ ಹೆಸರು ನಮ್ಮ 'ಎಳ್ಳು' ಎಂಬುದರಿಂದ ಹೋದುದೆಂಬ ಸಲಹೆಯೂ ಇದೆ. ಆದರೆ ಅದೇ ಭಾಷೆಯಲ್ಲಿ 'ಎಲ್ಲು' ಎಂದರೆ 'ಶುದ್ಧ' ಎಂಬರ್ಥವೂ ಇರುವುದರಿಂದ ಈ ಎಳ್ಳಿನಿಂದಲೂ ಎಣ್ಣೆ ತೆಗೆಯುವುದು ಕಷ್ಟ. ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿ ಅಕ್ಕಾಡಿಯನ್ ಕಾಲದ ಕೊಳವೆಯಾಕಾರದ ಮುದ್ರೆಯೊಂದಿದೆ. ಅದರ ಒಡೆಯನ ಹೆಸರು ಶು-ಇಲಿಶು, ಅವನ ವೃತ್ತಿ ಮೆಲುಹ್ಹ ಭಾಷೆಯ ದುಭಾಷಿ. ಎರಡೂ ಕಡೆಯ ಮಾತು ಬಲ್ಲ ಇಂಥವನೊಬ್ಬನು ಯಾವುದೋ ಸರಕಿನ ಪಟ್ಟಿಯನ್ನು ಎರಡೂ ಲಿಪಿಗಳಲ್ಲಿ ಬರೆಸಿಟ್ಟಿದ್ದು, ಅದು ಮಣ್ಣಿನೊಳಗೆ ಉಳಿದಿದ್ದರೆ, ರಾವ್ ಅವರ 'ಚತುಸ್' ಮತ್ತು ಪರ್ಪೋಲ ಅವರ 'ಅರುಮೀನ್' ಎರಡನ್ನೂ ಅದರ ಎದುರಿಗಿಟ್ಟು ನೋಡಬೇಕಾಗುತ್ತದೆ.